ಸುರಪುರದ ಪ್ರಶ್ನೆ, ಸೌಧದ ಕಡತ

2024ರ ಫೆಬ್ರುವರಿ 27. ರಾಜ್ಯಸಭೆಯ ನಾಲ್ಕು ಸ್ಥಾನಗಳಿಗೆ ವಿಧಾನಸೌಧದಲ್ಲಿ ಮತದಾನ. ಯಾರು ಅಡ್ಡಮತ ಹಾಕುತ್ತಾರೆ, ಯಾರು ಗೈರಾಗುತ್ತಾರೆ ಎಂದು ಇಡೀ ರಾಜ್ಯ ಟಿವಿ ಮುಂದೆ ಕುಳಿತಿತ್ತು. ಕರ್ನಾಟಕ ವಿಧಾನಸಭೆಯ ಸದಸ್ಯಬಲ 224. ಅಂದು ಮತ ಹಾಕಬೇಕಿದ್ದವರು ಮಾತ್ರ 223. ಕಡಿಮೆಯಾದ ಆ ಒಂದು ಹೆಸರು ಸುರಪುರದ್ದು. ಶಾಸಕ ರಾಜಾ ವೆಂಕಟಪ್ಪ ನಾಯಕ ಎರಡು ದಿನ ಮೊದಲಷ್ಟೇ, 25ರಂದು, ಬೆಂಗಳೂರಿನಲ್ಲಿ ತೀರಿಕೊಂಡಿದ್ದರು.

ಸುರಪುರದಲ್ಲಿ ಜನ ಅಳುತ್ತಿದ್ದಾಗ ವಿಧಾನಸಭೆ ಸಚಿವಾಲಯದಲ್ಲಿ ಕಡತಗಳು ಓಡಾಡುತ್ತಿದ್ದವು. ಅದು ಕಲ್ಲುಮನಸ್ಸಿನ ಕೆಲಸವಲ್ಲ, ಆಗಲೇಬೇಕಾದ ಕೆಲಸ. ರಾಜ್ಯಸಭಾ ಚುನಾವಣೆಗೆ ವಿಧಾನಸಭೆಯ ಕಾರ್ಯದರ್ಶಿಯೇ ಚುನಾವಣಾಧಿಕಾರಿ. ಮತ ಹಾಕುವ ಶಾಸಕರ ಪಟ್ಟಿಯನ್ನು ಆ ಗಳಿಗೆಯವರೆಗೆ ಸರಿಯಾಗಿ ಇಟ್ಟುಕೊಳ್ಳುವುದು ಕಾನೂನು ಅವರಿಗೆ ವಹಿಸಿದ ಹೊಣೆ. ಜೊತೆಗೆ ಸದನದ ಸಂತಾಪ ಸೂಚನೆ ಸಿದ್ಧವಾಗಬೇಕು, ಸ್ಥಾನ ತೆರವಾದುದನ್ನು ದಾಖಲಿಸಬೇಕು, ಚುನಾವಣಾ ಆಯೋಗಕ್ಕೆ ತಿಳಿಸಬೇಕು. ತೆರವಾದ ಸ್ಥಾನವನ್ನು ಆರು ತಿಂಗಳೊಳಗೆ ತುಂಬಬೇಕೆಂಬುದು ಪ್ರಜಾಪ್ರಾತಿನಿಧ್ಯ ಕಾಯ್ದೆಯ ನಿಯಮ. ಮೇ 7ರಂದು ಲೋಕಸಭೆ ಚುನಾವಣೆಯ ಜೊತೆಯಲ್ಲೇ ಸುರಪುರದ ಉಪಚುನಾವಣೆ ನಡೆಯಿತು. ಜೂನ್ 4ರಂದು ವೆಂಕಟಪ್ಪ ನಾಯಕರ ಮಗ ರಾಜಾ ವೇಣುಗೋಪಾಲ ನಾಯಕ ಗೆದ್ದರು. ಸುರಪುರದ ಮತದಾರ ನೂರು ದಿನ ಶಾಸಕರಿಲ್ಲದೆ ಇದ್ದ. ಕ್ಷೇತ್ರದ ಹೆಸರು ಮಾತ್ರ ಅಷ್ಟೂ ದಿನ ಸಚಿವಾಲಯದ ಪುಸ್ತಕದಲ್ಲಿ ತೆರೆದೇ ಇತ್ತು.

ಶಾಸಕರನ್ನು ನಾವು ಬಲ್ಲೆವು. ಮದುವೆಗೆ ಬಂದರೇ, ಜಾತ್ರೆಗೆ ಬಂದರೇ, ಫೋನ್ ಎತ್ತಿದರೇ ಎಂದು ಲೆಕ್ಕ ಇಡುತ್ತೇವೆ. ಅವರ ಮಾತನ್ನು ಸರ್ಕಾರ ಅಲ್ಲಗಳೆಯಲಾಗದ ದಾಖಲೆಯಾಗಿ ಮಾಡುವ ಕಚೇರಿಯ ಪರಿಚಯ ಮಾತ್ರ ನಮಗಿಲ್ಲ. ಬೆಂಗಳೂರಿನಿಂದ ಇಷ್ಟು ದೂರದಲ್ಲಿರುವ, ಸುರಪುರವನ್ನೂ ಒಳಗೊಂಡ ನಮ್ಮ ಯಾದಗಿರಿಯಂಥ ಜಿಲ್ಲೆಗೆ ಆ ಕಚೇರಿಯ ಅಗತ್ಯ ಬೇರೆಲ್ಲರಿಗಿಂತ ಹೆಚ್ಚು ಎಂಬುದು ನನ್ನ ಗಟ್ಟಿ ನಂಬಿಕೆ.

ಸಂವಿಧಾನದ 187ನೇ ವಿಧಿ ರಾಜ್ಯ ಶಾಸನಸಭೆಗೆ ತನ್ನದೇ ಸಚಿವಾಲಯ ಇರಬೇಕೆನ್ನುತ್ತದೆ. ಸರ್ಕಾರವನ್ನು ಪ್ರಶ್ನಿಸುವ ಸದನದ ನೌಕರರು ಅದೇ ಸರ್ಕಾರದ ಇಲಾಖೆಗಳ ಹಂಗಿನಲ್ಲಿ ಇರಬಾರದು. ಹೀಗಾಗಿ ವಿಧಾನಸಭೆಯ ಸಿಬ್ಬಂದಿ ಸಭಾಧ್ಯಕ್ಷರ ಅಧೀನ, 75 ಸದಸ್ಯರ ವಿಧಾನ ಪರಿಷತ್ತಿನ ಸಿಬ್ಬಂದಿ ಸಭಾಪತಿಗಳ ಅಧೀನ. ಮಾರ್ಷಲ್‌ಗಳು, ಗ್ರಂಥಾಲಯ, ಶಾಸಕರ ಭವನದ ಕೊಠಡಿಗಳು, ಭತ್ಯೆಯ ಬಿಲ್ಲುಗಳು ಎಲ್ಲವೂ ಈ ವ್ಯವಸ್ಥೆಯೊಳಗೇ ಬರುತ್ತವೆ. ನನ್ನ ಕಣ್ಣಿರುವುದು ಪ್ರಶ್ನೆಗಳನ್ನು ನೋಡಿಕೊಳ್ಳುವ ಶಾಖೆಯ ಮೇಲೆ.

ಒಂದು ಪ್ರಶ್ನೆ ಹುಟ್ಟುವುದನ್ನು ನೋಡೋಣ. ಶಹಾಪುರ ತಾಲ್ಲೂಕಿನ ಕಾಲುವೆಯ ಕೊನೆಯ ಭಾಗದ ಹೊಲಕ್ಕೆ ನೀರು ಮುಟ್ಟುತ್ತಿಲ್ಲ. ನಾರಾಯಣಪುರದ ಬಸವಸಾಗರದಲ್ಲಿ ನೀರಿದೆ, ಎಡದಂಡೆ ಕಾಲುವೆಯಲ್ಲೂ ಹರಿಯುತ್ತಿದೆ, ಹೊಲಗಾಲುವೆಯಲ್ಲಿ ಮಾತ್ರ ಹೂಳು ಮತ್ತು ಜಾಲಿ. ರೈತರು ಶಾಸಕರ ಹತ್ತಿರ ಹೋಗುತ್ತಾರೆ. ಶಾಸಕರು ಎಂಜಿನಿಯರಿಗೆ ಫೋನ್ ಮಾಡಿದರೆ ಆ ಮಾತು ಗಾಳಿಗೆ ಹೋಗುತ್ತದೆ. ಅದನ್ನೇ ಪ್ರಶ್ನೆಯಾಗಿ ಬರೆದು ಸಚಿವಾಲಯಕ್ಕೆ ಕೊಟ್ಟರೆ ಕಥೆಯೇ ಬೇರೆ. ಅಲ್ಲಿನ ಅಧಿಕಾರಿಗಳು ಅದನ್ನು ಜಾಲಿಸುತ್ತಾರೆ. ವಿಷಯ ರಾಜ್ಯ ಸರ್ಕಾರದ ವ್ಯಾಪ್ತಿಯದೇ? ನ್ಯಾಯಾಲಯದ ಮುಂದಿದೆಯೇ? ಪ್ರಶ್ನೆಯ ಹೆಸರಿನಲ್ಲಿ ಆರೋಪವೋ ಭಾಷಣವೋ ನುಸುಳಿದೆಯೇ? ಒರಟಾದ ಕರಡನ್ನು ಅರ್ಥ ಕೆಡದ ಹಾಗೆ ತಿದ್ದಿ ನಿಯಮಕ್ಕೆ ಹೊಂದಿಸುವುದು ಅನುಭವದಿಂದ ಮಾತ್ರ ಬರುವ ವಿದ್ಯೆ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಸದನದಲ್ಲಿ ಎದ್ದುನಿಂತು ಉತ್ತರಿಸಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು. ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಸಾಕು.

ಮುಂದೆ ಪ್ರಶ್ನೆ ಊರಿಗೇ ವಾಪಸ್ ಬರುತ್ತದೆ. ಸಚಿವಾಲಯದಿಂದ ಜಲಸಂಪನ್ಮೂಲ ಇಲಾಖೆಗೆ, ಅಲ್ಲಿಂದ ಕೃಷ್ಣಾ ಭಾಗ್ಯ ಜಲ ನಿಗಮಕ್ಕೆ, ನಿಗಮದಿಂದ ಶಹಾಪುರದ ಪಕ್ಕದ ಭೀಮರಾಯನಗುಡಿಯ ಕಚೇರಿಗೆ. ಅಧಿವೇಶನದ ದಿನಗಳಲ್ಲಿ ನಮ್ಮ ಕಡೆಯ ಯಾವ ಕಚೇರಿಗೆ ಹೋದರೂ ಒಂದೇ ಮಾತು: 'ಎಲ್‌ಎಕ್ಯೂ ಬಂದದ ರೀ, ಈಗ ರಜಾ ಕೇಳಬ್ಯಾಡ್ರಿ.' ಎಲ್‌ಎಕ್ಯೂ ಎಂದರೆ ವಿಧಾನಸಭೆಯ ಪ್ರಶ್ನೆ. ಎಂಜಿನಿಯರು ಕೇಂದ್ರಸ್ಥಾನ ಬಿಡುವ ಹಾಗಿಲ್ಲ. ಸೆಕ್ಷನ್ ಕಚೇರಿಯ ಗುಮಾಸ್ತರು ಹಳೆ ಅಂದಾಜುಪಟ್ಟಿ, ಟೆಂಡರು, ಬಿಲ್ಲುಗಳನ್ನು ಹೊರಗೆಳೆದು ಎಷ್ಟು ಕಿಲೋಮೀಟರ್ ದುರಸ್ತಿಯಾಯಿತು, ಎಷ್ಟು ಹಣ ಖರ್ಚಾಯಿತು ಎಂದು ರಾತ್ರಿಯಿಡೀ ಕೂಡಿಸುತ್ತಾರೆ. ತಿಂಗಳುಗಟ್ಟಲೆ ರೈತನಿಗೆ ಸಿಗದ ಅಂಕಿ ಆ ಒಂದು ಹಾಳೆಗಾಗಿ ನಾಲ್ಕು ದಿನದಲ್ಲಿ ಸಿಗುತ್ತದೆ.

ಉತ್ತರದ ನಮೂನೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಮೇಲೆ ಸದಸ್ಯರ ಹೆಸರು, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎರಡು ಅಂಕಣ: ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ, ಅ, ಆ, ಇ ಎಂದು ಸಾಲುಗಳು. 'ಕಾಲುವೆ ಹಾಳಾಗಿ ರೈತರಿಗೆ ತೊಂದರೆಯಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?' ಎಂಬ ಸಾಲಿನ ಎದುರಿಗೆ 'ಬಂದಿದೆ' ಎಂಬ ಒಂದೇ ಪದ ಕೂತರೆ, ಆಮೇಲೆ ಯಾವ ಅಧಿಕಾರಿಯೂ ನನಗೆ ತಿಳಿದಿರಲಿಲ್ಲ ಎನ್ನುವಂತಿಲ್ಲ. 'ಮಾಹಿತಿ ಸಂಗ್ರಹಿಸಲಾಗುತ್ತಿದೆ' ಎಂಬ ಉತ್ತರ ಬಂದರೆ ನನಗೆ ಸಿಟ್ಟು ಬರುತ್ತದೆ. ಅದು ರೈತನಿಗೂ ಸದನಕ್ಕೂ ಮಾಡುವ ಅಗೌರವ.

'ಕ್ರಮ ಕೈಗೊಳ್ಳಲಾಗುವುದು' ಎಂದು ಸಚಿವರು ಹೇಳಿದರೂ ವಿಷಯ ಅಲ್ಲಿಗೇ ಮುಗಿಯಬೇಕಿಲ್ಲ. ಸದನದ ನಡವಳಿಗಳಿಂದ ಅಂಥ ಮಾತುಗಳನ್ನು ಹೆಕ್ಕಿ ತೆಗೆದು ಪಟ್ಟಿ ಮಾಡುವ ಸಿಬ್ಬಂದಿ ಇದ್ದಾರೆ. ಆ ಪಟ್ಟಿ ಸರ್ಕಾರಿ ಭರವಸೆಗಳ ಸಮಿತಿಗೆ ಹೋಗುತ್ತದೆ. ಕೊಟ್ಟ ಮಾತು ಏನಾಯಿತೆಂದು ಸಮಿತಿ ಇಲಾಖೆಯನ್ನು ಕರೆದು ಕೇಳುತ್ತದೆ. ಇದಕ್ಕೆಲ್ಲ ಆಧಾರ ಸದನದ ವರದಿಗಾರರು. ಸರದಿಯಂತೆ ಬಂದು ಕೂತು, ಶೀಘ್ರಲಿಪಿಯಲ್ಲಿ ಬರೆದುಕೊಂಡು, ಎದ್ದು ಹೋಗಿ ಅಚ್ಚುಕಟ್ಟಾಗಿ ಇಳಿಸುತ್ತಾರೆ. ಗದ್ದಲದ ನಡುವೆ ಹತ್ತು ಜನ ಒಟ್ಟಿಗೆ ಕೂಗುವಾಗ ಗುರುಮಠಕಲ್‌ನವರ ಮಾತು ಯಾವುದು, ಮಂಗಳೂರಿನವರ ಮಾತು ಯಾವುದು ಎಂದು ಕಿವಿಯಲ್ಲೇ ಬೇರ್ಪಡಿಸುವವರು ಅವರು. ಒಬ್ಬ ಸದಸ್ಯ ಮೂವತ್ತು ವರ್ಷದ ಹಿಂದೆ ಏನು ಕೇಳಿದ್ದ ಎಂದು ಇಂದು ಹುಡುಕಲು ಸಾಧ್ಯವಿದ್ದರೆ ಅದು ಅವರ ದುಡಿಮೆ.

ನಮ್ಮ ಜಿಲ್ಲೆಯ ಶಾಸನಸಭಾ ಚರಿತ್ರೆಯೂ ವಿಚಿತ್ರವಾದುದು. 1952ರ ಚುನಾವಣೆಯಲ್ಲಿ ಯಾದಗಿರಿ, ಶಹಾಪುರ, ಸುರಪುರದಿಂದ ಆಯ್ಕೆಯಾದವರು ಕೂತದ್ದು ಬೆಂಗಳೂರಿನಲ್ಲಲ್ಲ, ಹೈದರಾಬಾದಿನ ಪಬ್ಲಿಕ್ ಗಾರ್ಡನ್ ಪಕ್ಕದ ಹಳೆಯ ಟೌನ್‌ಹಾಲ್‌ನಲ್ಲಿ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾದಾಗ, ಅವಧಿ ಮುಗಿಯದ ಆ ಶಾಸಕರು ಮೈಸೂರು ರಾಜ್ಯದ ವಿಧಾನಸಭೆಗೆ ಸೇರಿದರು. ವಿಧಾನಸೌಧ ಅದೇ ವರ್ಷ ಪೂರ್ಣಗೊಂಡಿತ್ತು. ಬೇರೆ ರಾಜಧಾನಿ, ಬೇರೆ ನಿಯಮಾವಳಿ, ಉರ್ದುವಿನಲ್ಲಿ ಪಳಗಿದ ನಾಲಿಗೆ. ಆ ಹೊಸ ಸದಸ್ಯರ ಕೈ ಹಿಡಿದು ನಡೆಸಿದ ಗುಮಾಸ್ತರ ಹೆಸರು ಯಾವ ಶಿಲೆಯ ಮೇಲೂ ಇಲ್ಲ. ಮುಂದೆ ಇದೇ ಭಾಗದ ಗುರುಮಠಕಲ್‌ನಿಂದ 1972ರಿಂದ ಸತತ ಎಂಟು ಬಾರಿ ಗೆದ್ದ ಮಲ್ಲಿಕಾರ್ಜುನ ಖರ್ಗೆ ಆ ನಿಯಮಗಳನ್ನು ಅರೆದು ಕುಡಿದು ವಿರೋಧ ಪಕ್ಷದ ನಾಯಕನ ಸ್ಥಾನಕ್ಕೇರಿದರು.

ಯಾದಗಿರಿ 2009ರ ಡಿಸೆಂಬರ್ 30ರಂದು ಜಿಲ್ಲೆಯಾಯಿತು. ಸುರಪುರ, ಶಹಾಪುರ, ಯಾದಗಿರಿ, ಗುರುಮಠಕಲ್: ನಾಲ್ಕೇ ಕ್ಷೇತ್ರ. 224ರಲ್ಲಿ ನಾಲ್ಕು ಧ್ವನಿ ಎಂದರೆ ಸಂಖ್ಯಾಬಲದಿಂದ ಏನನ್ನೂ ಗೆಲ್ಲಲಾಗದು. ಪ್ರಶ್ನೆ, ಗಮನ ಸೆಳೆಯುವ ಸೂಚನೆ, ಸಮಿತಿಗಳೇ ನಮಗಿರುವ ಆಯುಧ. ಪರಿಷತ್ತಿನಲ್ಲಿ ಈಶಾನ್ಯ ಪದವೀಧರ, ಈಶಾನ್ಯ ಶಿಕ್ಷಕರ ಮತ್ತು ಕಲಬುರಗಿ–ಯಾದಗಿರಿ ಸ್ಥಳೀಯ ಸಂಸ್ಥೆಗಳ ಕ್ಷೇತ್ರಗಳೂ ನಮ್ಮವೇ ಎಂಬುದನ್ನು ಬಹಳ ಜನ ಮರೆತಿರುತ್ತಾರೆ.

ಆಯುಧ ಬಳಸಲು ಸದನ ಸೇರಬೇಕಲ್ಲ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು ಕರ್ನಾಟಕವೇ 2005ರಲ್ಲಿ ಕಾನೂನು ಮಾಡಿಕೊಂಡಿತು. ಆ ಮಾತನ್ನು ಉಳಿಸಿಕೊಂಡದ್ದು ಅಪರೂಪ. ಒಂದು ದಿನ ಗದ್ದಲದಲ್ಲಿ ಹೋದರೆ ಆ ದಿನದ ಚುಕ್ಕೆ ಗುರುತಿನ ಪ್ರಶ್ನೆಗಳೂ ಸಚಿವರ ಬಾಯಿಂದ ಉತ್ತರ ಕಾಣದೆ ಹೋಗುತ್ತವೆ. ಭೀಮರಾಯನಗುಡಿಯಲ್ಲಿ ನಿದ್ದೆಗೆಟ್ಟು ಸಿದ್ಧಪಡಿಸಿದ ಉತ್ತರಕ್ಕೆ ಒಂದು ಉಪಪ್ರಶ್ನೆಯೂ ಬೀಳುವುದಿಲ್ಲ. ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ 2012ರ ಅಕ್ಟೋಬರ್ 11ರಂದು ಉದ್ಘಾಟನೆಯಾದಾಗ ಸುರಪುರಕ್ಕೆ ಬೆಂಗಳೂರಿಗಿಂತ ಹತ್ತಿರದಲ್ಲಿ ಒಂದು ಸದನ ಸಿಕ್ಕಿತು. ಚಳಿಗಾಲದ ಅಧಿವೇಶನಕ್ಕೆ ಸಚಿವಾಲಯ ಕಡತ, ಸಿಬ್ಬಂದಿ, ಯಂತ್ರಗಳ ಸಮೇತ ಅಲ್ಲಿಗೆ ಹೊರಡುತ್ತದೆ. ಅಷ್ಟು ದೊಡ್ಡ ಸಿದ್ಧತೆಗೆ ತಕ್ಕಷ್ಟು ಹೊತ್ತು ಕೃಷ್ಣೆ ಮತ್ತು ಭೀಮೆಯ ನಡುವಿನ ನೆಲಕ್ಕೆ ಸಿಗಬೇಕು.

ನಾವೂ ಮಾಡಬಹುದಾದ ಕೆಲಸವಿದೆ. ಸದಸ್ಯರೊಬ್ಬರ ಮೂಲಕ ಸದನದ ಅರ್ಜಿಗಳ ಸಮಿತಿಗೆ ಜನರೇ ಅರ್ಜಿ ಮುಟ್ಟಿಸಬಹುದು. ಹುಣಸಗಿ, ವಡಗೇರಾದಂಥ ಹೊಸ ತಾಲ್ಲೂಕುಗಳ ಕಚೇರಿಗಳ ಕೊರತೆಗೂ, ಕಡೇಚೂರು ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಗಳ ಅಳಲಿಗೂ ಈ ದಾರಿ ತೆರೆದಿದೆ. ಸದನದ ಉತ್ತರಗಳು ಅಂತರ್ಜಾಲದಲ್ಲಿ ಕನ್ನಡದಲ್ಲೇ ಸಿಗುತ್ತವೆ. ನಾಲ್ಕೂ ಶಾಸಕರು ಪ್ರತಿ ಅಧಿವೇಶನದ ಬಳಿಕ ತಾವು ಕೇಳಿದ ಪ್ರಶ್ನೆ, ಪಡೆದ ಉತ್ತರಗಳ ಪ್ರತಿಯನ್ನು ಯಾದಗಿರಿ, ಶಹಾಪುರ, ಸುರಪುರ, ಗುರುಮಠಕಲ್‌ನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಇಡಿಸಲಿ. ಬೇಕಾದದ್ದು ಒಂದು ಫೈಲು, ಒಂದು ಮೇಜು. ಕಾಲುವೆಯ ಕೊನೆಯ ಹೊಲದವರು ಸಂತೆಯ ದಿನ ಬಂದು ತಮ್ಮ ಊರಿನ ಸಾಲನ್ನು ಹುಡುಕಿ ಓದಿಕೊಳ್ಳುತ್ತಾರೆ, ಮುಂದಿನ ಉಪಪ್ರಶ್ನೆಯನ್ನು ಅವರೇ ಬರೆದುಕೊಡುತ್ತಾರೆ.