ಕೆಟ್ಟ ಹಾರ್ಡ್ ಡಿಸ್ಕ್ ಬದಲಿಸುವ ಪಾಠ: ಸ್ಕ್ರೂಡ್ರೈವರ್ ಹಿಡಿಯುವ ಮುನ್ನ

ಶಾಲಾ ಇಂಟರ್ನ್‌ಶಿಪ್‌ಗೆ ಹೋಗುವ ಬಿ.ಎಡ್. ಪ್ರಶಿಕ್ಷಣಾರ್ಥಿಗಳಿಗೆ ಕಂಪ್ಯೂಟರ್ ಕೊಠಡಿಯ ಕೆಲಸ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. "ನೀವು ಈಗಿನ ಕಾಲದವರು, ಇದೊಂದಿಷ್ಟು ನೋಡ್ರಿ" ಎಂದು ಹೇಳಿ ಮುಖ್ಯೋಪಾಧ್ಯಾಯರು ಕೆಟ್ಟು ನಿಂತ ಯಂತ್ರವನ್ನು ತೋರಿಸುತ್ತಾರೆ. ಬಹಳ ಸಲ ಕೆಟ್ಟಿರುವುದು ಹಾರ್ಡ್ ಡಿಸ್ಕ್. ಅದನ್ನು ಬಿಚ್ಚಿ ಹೊಸದನ್ನು ಕೂರಿಸುವುದು ಹದಿನೈದು ನಿಮಿಷದ ಕೆಲಸ. ಆದರೆ ಆ ಡಿಸ್ಕಿನಲ್ಲಿ ರೂಪಣಾತ್ಮಕ ಮೌಲ್ಯಮಾಪನದ ಅಂಕಗಳು, ವಿದ್ಯಾರ್ಥಿವೇತನದ ಪಟ್ಟಿ, ವರ್ಗಾವಣೆ ಪತ್ರಗಳ ನಕಲು, ಮಕ್ಕಳ ಭಾವಚಿತ್ರಗಳು ಇರುತ್ತವೆ. ಇವುಗಳಲ್ಲಿ ಕೆಲವು ಇಲಾಖೆಯ ಜಾಲತಾಣಕ್ಕೆ ಏರಿರುತ್ತವೆ, ಉಳಿದವು ಆ ಒಂದು ಡಿಸ್ಕಿನಲ್ಲಿ ಮಾತ್ರ ಇರುತ್ತವೆ. ಹೊಸ ಡಿಸ್ಕ್ ಅಂಗಡಿಯಲ್ಲಿ ಸಿಗುತ್ತದೆ, ಹಳೆಯದರ ಒಳಗಿದ್ದದ್ದು ಸಿಗುವುದಿಲ್ಲ. ಆದ್ದರಿಂದ ಈ ಪಾಠದ ಮುಖ್ಯ ಕಲಿಕಾಂಶ ಕೈಕೆಲಸಕ್ಕಿಂತ ಅದರ ಕ್ರಮ: ಮೊದಲು ನಕಲು, ಆಮೇಲೆ ಗುರುತು, ಕೊನೆಗೆ ಬಿಚ್ಚುವುದು. ಇದನ್ನು ಪ್ರೌಢಶಾಲೆಯ 9ನೆಯ ತರಗತಿಗೆ ಪ್ರಾತ್ಯಕ್ಷಿಕೆಯ ಮೂಲಕ ಹೇಗೆ ಕಲಿಸಬಹುದು ಎಂಬುದನ್ನು ಇಲ್ಲಿ ವಿವರಿಸಿದೆ.

ಎರಡು ಊರು, ಎರಡು ಬಗೆಯ ಅಪಾಯ

ಬೆಳಗಾವಿ ನಗರದ ಶಾಲೆಗೂ ಖಾನಾಪುರ ತಾಲ್ಲೂಕಿನ ಶಾಲೆಗೂ ಈ ವಿಷಯದಲ್ಲಿ ವ್ಯತ್ಯಾಸವಿದೆ. ನಗರದಲ್ಲಿ ರಿಪೇರಿ ಅಂಗಡಿ ಹತ್ತಿರ. ಹೀಗಾಗಿ ಕೆಟ್ಟ ಯಂತ್ರವನ್ನು ಹಾಗೆಯೇ ಎತ್ತಿ ಅಂಗಡಿಗೆ ಕೊಟ್ಟುಬಿಡುವ ರೂಢಿ. ಅದರೊಂದಿಗೆ ಮಕ್ಕಳ ಆಧಾರ್ ಪ್ರತಿ, ಬ್ಯಾಂಕ್ ಖಾತೆ ಸಂಖ್ಯೆ, ಪಾಲಕರ ಫೋನ್ ಸಂಖ್ಯೆಗಳೂ ಶಾಲೆಯ ಹೊರಗೆ ಹೋಗುತ್ತವೆ. ಜಾಂಬೋಟಿ, ಕಣಕುಂಬಿ ಕಡೆಯ ಶಾಲೆಗೆ ಮೆಕ್ಯಾನಿಕ್ ಬರಬೇಕೆಂದರೆ ದಿನ ಕಾಯಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಅಲ್ಲಿ ತಾವೇ ಕೈ ಹಾಕುವ ಧೈರ್ಯ ಬರುತ್ತದೆ. ಒಂದು ಕಡೆ ಮಾಹಿತಿ ಸೋರುವ ಅಪಾಯ, ಇನ್ನೊಂದು ಕಡೆ ಅವಸರದಲ್ಲಿ ಮಾಹಿತಿ ಅಳಿಯುವ ಅಪಾಯ. ಪಾಠಯೋಜನೆ ಬರೆಯುವಾಗ ನಿಮ್ಮ ಶಾಲೆ ಯಾವ ಕಡೆಯದು ಎಂದು ನೋಡಿ, ಆ ಭಾಗಕ್ಕೆ ಹೆಚ್ಚು ಸಮಯ ಕೊಡಿ.

ಪೂರ್ವಜ್ಞಾನ: ಡಿಸ್ಕಿನ ಒಳಗೆ ಏನಿದೆ?

ಖಾನಾಪುರದ ಮಕ್ಕಳಿಗೆ ಕುಂಬಾರರ ತಿಗರಿ ಹೊಸದಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೇ ಆ ಊರಿನಲ್ಲಿದೆ. ಅಲ್ಲಿಂದ ಪಾಠ ಶುರು ಮಾಡಬಹುದು. ಹಾರ್ಡ್ ಡಿಸ್ಕಿನ ಒಳಗೂ ತಿಗರಿಯಂಥ ತಟ್ಟೆಗಳು ತಿರುಗುತ್ತವೆ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120. ತಟ್ಟೆಯ ಮೇಲೆ ಕಾಂತೀಯ ಲೇಪನವಿದ್ದು, ಓದುವ ತಲೆ ಅದನ್ನು ಮುಟ್ಟದೆ, ತಲೆಗೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಗಾಳಿಯ ಪದರದ ಮೇಲೆ ತೇಲುತ್ತದೆ. ಒಂದು ಧೂಳಿನ ಕಣ ಆ ಸಂದಿಗೆ ದೊಡ್ಡ ಬಂಡೆ ಇದ್ದಂತೆ. ಇದೊಂದು ಅರ್ಥವಾದರೆ ಎರಡು ನಿಯಮಗಳನ್ನು ಮಕ್ಕಳೇ ಹೇಳುತ್ತಾರೆ: ತಿರುಗುತ್ತಿರುವ ಡಿಸ್ಕನ್ನು ಅಲುಗಾಡಿಸಬಾರದು, ಡಿಸ್ಕಿನ ಮುಚ್ಚಳವನ್ನು ಎಂದಿಗೂ ಬಿಚ್ಚಬಾರದು.

ಇತಿಹಾಸದ ಒಂದು ಮಾತು ಕುತೂಹಲ ಹುಟ್ಟಿಸುತ್ತದೆ. 1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕ್ ಘಟಕದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅದು ಹಿಡಿಸುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರಗಳನ್ನು. ಇಂದು ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೊಗಳಿಗೆ ಅಷ್ಟು ಜಾಗ ಬೇಕು.

ದೋಷ ನಿಜವಾಗಿಯೂ ಡಿಸ್ಕಿನದೇ?

ಯಂತ್ರ ನಿಧಾನವಾಗುವುದು, ಕಡತ ತೆರೆಯದಿರುವುದು, ಒಳಗಿನಿಂದ ಟಕ್ ಟಕ್ ಸದ್ದು ಬರುವುದು ಡಿಸ್ಕ್ ಕೆಡುತ್ತಿರುವ ಲಕ್ಷಣಗಳು. ಆದರೆ ಮೊದಲೆರಡು ಲಕ್ಷಣ ಸಡಿಲವಾದ ಕೇಬಲ್‌ನಿಂದಲೂ ಬರುತ್ತವೆ. ಮಲೆನಾಡಿನ ಅಂಚಿನ ತೇವದಲ್ಲಿ ಲೋಹದ ಸಂಪರ್ಕಗಳು ಕಿಲುಬು ಹಿಡಿಯುವುದುಂಟು. ಆದ್ದರಿಂದ ಡಿಸ್ಕಿನ ಸ್ವಯಂ ತಪಾಸಣೆಯ ದಾಖಲೆಯನ್ನು ಮೊದಲು ನೋಡಬೇಕು. ಇದಕ್ಕೆ ಸ್ಮಾರ್ಟ್ ಎಂದು ಹೆಸರು. ಉಬುಂಟು ಇರುವ ಯಂತ್ರದಲ್ಲಿ ಡಿಸ್ಕ್ಸ್ ಎಂಬ ಸಾಧನ, ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಅದನ್ನು ತೋರಿಸುತ್ತವೆ. ಕೆಟ್ಟು ಬೇರೆಡೆಗೆ ಸರಿಸಿದ ವಲಯಗಳ ಎಣಿಕೆ ಏರುತ್ತಿದ್ದರೆ ಡಿಸ್ಕ್ ಹೋಗುವ ಹಾದಿಯಲ್ಲಿದೆ. ಸಿಆರ್‌ಸಿ ದೋಷದ ಎಣಿಕೆ ಮಾತ್ರ ಏರುತ್ತಿದ್ದರೆ ಅನುಮಾನ ಕೇಬಲ್ ಮೇಲೆ. ಹೊಸ ಕೇಬಲ್ ಹಾಕಿ ನೋಡಿದರೆ ಹೊಸ ಡಿಸ್ಕಿನ ಖರ್ಚೇ ಉಳಿಯಬಹುದು.

ಮೊದಲ ಹಂತ: ನಕಲು

ಡಿಸ್ಕ್ ಇನ್ನೂ ಓದಲು ಸಿಗುತ್ತಿದ್ದರೆ ಅದರ ಮೇಲೆ ಹೊಸದೇನನ್ನೂ ಬರೆಯಬಾರದು. ಬೇರೆಲ್ಲೂ ಇಲ್ಲದ ಚಿಕ್ಕ ಕಡತಗಳನ್ನು, ಅಂದರೆ ಅಂಕಪಟ್ಟಿ, ದಾಖಲಾತಿ, ವಿದ್ಯಾರ್ಥಿವೇತನದ ಹಾಳೆಗಳನ್ನು ಮೊದಲು ನಕಲು ಮಾಡಿ. ವಾರ್ಷಿಕೋತ್ಸವದ ವಿಡಿಯೊ ಕೊನೆಗಿರಲಿ. ಡಿಸ್ಕ್ ಅಲ್ಲಲ್ಲಿ ತಡವರಿಸುತ್ತಿದ್ದರೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಉಪಯುಕ್ತ. ಅದು ಚೆನ್ನಾಗಿರುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಭಾಗಕ್ಕೆ ಆಮೇಲೆ ಮರಳುತ್ತದೆ. ಟಕ್ ಟಕ್ ಸದ್ದು ಇದ್ದರೆ ಮಾತ್ರ ಯಂತ್ರ ನಿಲ್ಲಿಸಿಬಿಡಿ. ಮತ್ತೆ ಮತ್ತೆ ಆನ್ ಮಾಡಿ ನೋಡಿದಷ್ಟೂ ತಲೆ ತಟ್ಟೆಯನ್ನು ಗೀರುತ್ತಾ ಹೋಗಬಹುದು. ಅಂಥ ಡಿಸ್ಕ್ ಮಾಹಿತಿ ಮರುಪಡೆಯುವ ತಜ್ಞರ ಕೆಲಸ.

ನಕಲಾದ ಮೇಲೆ ಕಡತಗಳ ಸಂಖ್ಯೆ ಮತ್ತು ಗಾತ್ರವನ್ನು ಹೋಲಿಸಿ, ನಾಲ್ಕಾರು ಕಡತಗಳನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು. ತೆರೆದು ನೋಡದ ನಕಲನ್ನು ನಕಲು ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಛಾಯಾಗ್ರಾಹಕ ಪೀಟರ್ ಕ್ರೋ ಅವರು ಪ್ರಚಾರಕ್ಕೆ ತಂದ 3-2-1 ನಿಯಮವನ್ನು ಕಪ್ಪು ಹಲಗೆಯ ಮೇಲೆ ಬರೆಯಿರಿ: 3 ಪ್ರತಿ, 2 ಬಗೆಯ ಮಾಧ್ಯಮ, 1 ಪ್ರತಿ ಬೇರೆ ಜಾಗದಲ್ಲಿ. ಮಳೆಗೆ ಸೋರುವ ಕೊಠಡಿಯ ಒಂದೇ ಕಪಾಟಿನಲ್ಲಿ ಮೂರು ಪ್ರತಿ ಇಟ್ಟರೆ ಅದು ಒಂದು ಪ್ರತಿಗೆ ಸಮ.

ಎರಡನೆಯ ಹಂತ: ಗುರುತು

ಒಂದೇ ಡಿಸ್ಕ್ ಇರುವ ಯಂತ್ರದಲ್ಲಿ ಗೊಂದಲವಿಲ್ಲ. ಎರಡು ಡಿಸ್ಕ್ ಇದ್ದು, ಎರಡರಲ್ಲೂ ಅದೇ ಮಾಹಿತಿ ಬರೆಯುವ ಕನ್ನಡಿ ಜೋಡಣೆ ಇದ್ದಾಗ ಎಚ್ಚರ ಬೇಕು. ಕೆಲವು ಕಾಲೇಜುಗಳ ಸರ್ವರ್‌ನಲ್ಲಿ, ಜಾಲಕ್ಕೆ ಜೋಡಿಸಿದ ಸಂಗ್ರಹ ಪೆಟ್ಟಿಗೆಗಳಲ್ಲಿ ಇದು ಇರುತ್ತದೆ. ರೇಡ್ ಎಂಬ ಈ ಪದ್ಧತಿಗೆ ಆ ಹೆಸರು ಬಂದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಅವರ 1988ರ ಪ್ರಬಂಧದಿಂದ. ಒಂದು ಡಿಸ್ಕ್ ಸತ್ತರೂ ಇನ್ನೊಂದು ಕೆಲಸ ಮುಂದುವರಿಸುತ್ತದೆ. ಆದರೆ ಆಗ ಉಳಿದಿರುವ ಡಿಸ್ಕ್ ಒಂದೇ. ಕೆಟ್ಟದ್ದೆಂದು ಒಳ್ಳೆಯದನ್ನೇ ಎಳೆದರೆ ಇಡೀ ಸಂಗ್ರಹ ನಿಂತುಹೋಗುತ್ತದೆ.

ಇದಕ್ಕೆ ಪರಿಹಾರ ಸರಳ. ತಂತ್ರಾಂಶ ಕೆಟ್ಟದ್ದೆಂದು ತೋರಿಸುವ ಡಿಸ್ಕಿನ ಕ್ರಮಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಡಿಸ್ಕಿನ ಮೇಲಿನ ಲೇಬಲ್‌ನಲ್ಲಿ ಅದೇ ಸಂಖ್ಯೆ ಇದೆಯೇ ಎಂದು ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಚೀಟಿ ನೋಡಿ ಹೌದು ಅನ್ನಲಿ. ಹೊಸ ಡಿಸ್ಕ್ ಹಾಕಿದ ಮೇಲೆ ಒಳ್ಳೆಯ ಡಿಸ್ಕಿನಿಂದ ಅದಕ್ಕೆ ಎಲ್ಲವೂ ಮತ್ತೆ ಬರೆಯಲು ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಹಳೆಯ ಡಿಸ್ಕ್ ಎಡೆಬಿಡದೆ ದುಡಿಯುತ್ತದೆ, ಅದೂ ಆಗಲೇ ಕೈಕೊಡಬಹುದು. ಕನ್ನಡಿ ಜೋಡಣೆ ಇದ್ದರೂ ಬೇರೆ ನಕಲು ಬೇಕು ಎನ್ನುವುದು ಇದಕ್ಕಾಗಿ. ಕಡತವನ್ನು ತಪ್ಪಿ ಅಳಿಸಿದರೆ ಅದು ಎರಡೂ ಡಿಸ್ಕಿನಿಂದ ಒಟ್ಟಿಗೆ ಅಳಿಯುತ್ತದೆ ಎಂಬುದನ್ನೂ ಹೇಳಿ.

ಮೂರನೆಯ ಹಂತ: ಬಿಚ್ಚಿ ಕೂರಿಸುವುದು

ಪ್ರಾತ್ಯಕ್ಷಿಕೆಗೆ ಬಳಕೆಯಲ್ಲಿರುವ ಯಂತ್ರ ಬೇಡ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಬಳಕೆಯಿಂದ ತೆಗೆದ ಒಂದು ಕ್ಯಾಬಿನೆಟ್ ಮತ್ತು ಸತ್ತ ಡಿಸ್ಕ್ ಇಟ್ಟುಕೊಳ್ಳಿ. ವಾರಂಟಿ ಇರುವ ಯಂತ್ರದ ಸೀಲ್ ಒಡೆಯಬೇಡಿ.

ಮಕ್ಕಳು ಇಲ್ಲಿ ಕೇಳಬಹುದಾದ ಒಂದು ಪ್ರಶ್ನೆ: "ಸರ್, ಗ್ವಾಡಿ ಸ್ವಿಚ್ ಆಫ್ ಮಾಡೇವಲ್ರಿ, ಮತ್ಯಾಕ ವೈರ್ ತೆಗೀಬೇಕ್ರಿ?" ಉತ್ತರ ಯುಪಿಎಸ್‌ನಲ್ಲಿದೆ. ಪದೇ ಪದೇ ಕರೆಂಟ್ ಹೋಗುವಲ್ಲಿ ಕಂಪ್ಯೂಟರಿಗೆ ವಿದ್ಯುತ್ ಬರುವುದು ಯುಪಿಎಸ್ ಮೂಲಕ. ಗೋಡೆಯ ಸ್ವಿಚ್ ಆರಿಸಿದರೂ ಯುಪಿಎಸ್‌ನ ಬ್ಯಾಟರಿ ವಿದ್ಯುತ್ ಕೊಡುತ್ತಲೇ ಇರುತ್ತದೆ. ಆದ್ದರಿಂದ ಕ್ರಮವಾಗಿ ಶಟ್‌ಡೌನ್ ಮಾಡಿ, ಕ್ಯಾಬಿನೆಟ್‌ನ ಹಿಂಬದಿಯಿಂದಲೇ ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿಯಬೇಕು. ಒಳಗೆ ಉಳಿದ ವಿದ್ಯುತ್ ಅದರಿಂದ ಇಳಿಯುತ್ತದೆ. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಲೇಬಾರದು. ವೈರ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ತಟ್ಟೆಗಳು ಪೂರ್ತಿ ನಿಲ್ಲಲು ಅರ್ಧ ನಿಮಿಷ ಕಾಯಿರಿ.

ಮೈಮೇಲಿನ ಸ್ಥಿರವಿದ್ಯುತ್ ಎರಡನೆಯ ಅಪಾಯ. ಬೆರಳಿಗೆ ಚುರುಕ್ ಎನ್ನಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಕೆಲವು ಚಿಪ್‌ಗಳು 100 ವೋಲ್ಟಿಗಿಂತ ಕಡಿಮೆಯಲ್ಲೇ ಹಾಳಾಗುತ್ತವೆ. ಅಂದರೆ ನಮಗೆ ಗೊತ್ತಾಗದಂತೆಯೇ ಹಾನಿ ಆಗಬಹುದು. ಜುಲೈ ತಿಂಗಳ ತೇವದಲ್ಲಿ ಈ ತೊಂದರೆ ಕಡಿಮೆ, ಒಣಗಾಳಿಯ ಡಿಸೆಂಬರ್, ಜನವರಿಯಲ್ಲಿ ಸಿಂಥೆಟಿಕ್ ಸ್ವೆಟರ್ ಹಾಕಿಕೊಂಡಾಗ ಹೆಚ್ಚು. ಮಣಿಕಟ್ಟಿನ ಪಟ್ಟಿ ಇದ್ದರೆ ಕ್ಯಾಬಿನೆಟ್‌ಗೆ ಕ್ಲಿಪ್ ಮಾಡಿ. ಇಲ್ಲದಿದ್ದರೆ ಬಣ್ಣ ಬಳಿಯದ ಲೋಹದ ಭಾಗವನ್ನು ಆಗಾಗ ಮುಟ್ಟುತ್ತಿರಿ. ಡಿಸ್ಕನ್ನು ಅಂಚಿನಲ್ಲಿ ಹಿಡಿಯಬೇಕು, ಕೆಳಗಿನ ಹಸಿರು ಹಲಗೆಗೆ ಬೆರಳು ತಾಗಬಾರದು.

ಇನ್ನುಳಿದದ್ದು ಸುಲಭ. ಬಿಚ್ಚುವ ಮುನ್ನ ಒಳಗಿನ ಜೋಡಣೆಯ ಫೋಟೊ ತೆಗೆದುಕೊಳ್ಳಿ. ಸಾಟಾ ಕೇಬಲ್‌ನ ತುದಿ ಇಂಗ್ಲಿಷ್ ಎಲ್ ಆಕಾರದಲ್ಲಿದ್ದು ಒಂದೇ ದಿಕ್ಕಿಗೆ ಕೂರುತ್ತದೆ, ಕೂರದಿದ್ದರೆ ಒತ್ತಬೇಡಿ. ಮೂರೂವರೆ ಅಂಗುಲದ ಡಿಸ್ಕಿಗೂ ಎರಡೂವರೆ ಅಂಗುಲದ ಎಸ್‌ಎಸ್‌ಡಿಗೂ ಸ್ಕ್ರೂ ಬೇರೆ. ಎಸ್‌ಎಸ್‌ಡಿ ಕೂರಿಸಲು ಚೌಕಟ್ಟೂ ಬೇಕಾಗಬಹುದು. ಹಳೆಯ ಯಂತ್ರಕ್ಕೆ 2 ಟೆರಾಬೈಟ್‌ಗಿಂತ ದೊಡ್ಡ ಡಿಸ್ಕ್ ತಂದರೆ ಪೂರ್ತಿ ಜಾಗ ಬಳಕೆಗೆ ಸಿಗದೇ ಹೋಗಬಹುದು. ಕನ್ನಡಿ ಜೋಡಣೆಗೆ ತರುವ ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಿರಬಾರದು. ಖಾನಾಪುರದಿಂದ ಬೆಳಗಾವಿಯ ಅಂಗಡಿಗೆ ಹೋಗುವವರು ಈ ವಿವರಗಳನ್ನು ಬರೆದುಕೊಂಡೇ ಬಸ್ ಹತ್ತಲಿ, ಎರಡನೆಯ ಓಡಾಟ ತಪ್ಪುತ್ತದೆ.

ಹಳೆಯ ಡಿಸ್ಕ್ ಏನಾಗಬೇಕು?

ಕಡತ ಅಳಿಸಿದರೆ ಹೆಸರು ಮಾತ್ರ ಮಾಯವಾಗುತ್ತದೆ, ಒಳಗಿನ ಮಾಹಿತಿ ಬಹುಮಟ್ಟಿಗೆ ಉಳಿದಿರುತ್ತದೆ. ಡಿಸ್ಕ್ ಇನ್ನೂ ನಡೆಯುತ್ತಿದ್ದರೆ ಪೂರ್ತಿಯಾಗಿ ಮೇಲ್ಬರಹ ಮಾಡಬೇಕು. ಸತ್ತಿದ್ದರೆ ಅದನ್ನು ಭೌತಿಕವಾಗಿ ನಾಶಮಾಡಬೇಕು, ಇದು ಮಕ್ಕಳ ಕೆಲಸವಲ್ಲ. ಲ್ಯಾಪ್‌ಟಾಪ್ ಡಿಸ್ಕುಗಳಲ್ಲಿ ಗಾಜಿನ ತಟ್ಟೆ ಇರುವುದುಂಟು, ಸುತ್ತಿಗೆ ಬಿದ್ದರೆ ಚೂರು ಕಣ್ಣಿಗೆ ಹಾರುತ್ತದೆ. ಆಮೇಲೂ ಅದನ್ನು ಗುಜರಿಗೆ ಹಾಕುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಇಂಥ ತ್ಯಾಜ್ಯ ನೋಂದಾಯಿತ ಮರುಬಳಕೆದಾರರ ಕೈ ಸೇರಬೇಕು. ಸರಕಾರಿ ಶಾಲೆಯಲ್ಲಿ ದಾಸ್ತಾನು ವಹಿಯಲ್ಲಿ ನಮೂದಾಗಿ, ವಿಲೇವಾರಿಗೆ ಆದೇಶ ಬರುವವರೆಗೆ ಹಳೆಯ ಡಿಸ್ಕ್ ಬೀಗದ ಕಪಾಟಿನಲ್ಲಿರಲಿ.

ತರಗತಿಯಲ್ಲಿ ಸಮಯದ ಹಂಚಿಕೆ

40 ನಿಮಿಷದ ಅವಧಿಯಲ್ಲಿ ಪೀಠಿಕೆಗೆ 5, ಡಿಸ್ಕಿನ ರಚನೆಗೆ 8, ಪ್ರಾತ್ಯಕ್ಷಿಕೆಗೆ 15, ಗುಂಪು ಚಟುವಟಿಕೆಗೆ 7, ಮೌಲ್ಯಮಾಪನಕ್ಕೆ 5 ನಿಮಿಷ ಇಟ್ಟುಕೊಳ್ಳಬಹುದು. ಗುಂಪು ಚಟುವಟಿಕೆಗೆ ಹಂತಗಳನ್ನು ಬಿಡಿ ಚೀಟಿಗಳಲ್ಲಿ ಬರೆದು, ಕಲಸಿ ಹಂಚಿ. ಮಕ್ಕಳು ಅವನ್ನು ಕ್ರಮವಾಗಿ ಜೋಡಿಸಿ, ಪ್ರತಿ ಚೀಟಿಗೆ "ಇದು ಹಿಂದುಮುಂದಾದರೆ ಏನಾಗುತ್ತದೆ?" ಎಂದು ಹೇಳಬೇಕು. ಖಾನಾಪುರದ ತರಗತಿಯಲ್ಲಿ ಮನೆಮಾತು ಮರಾಠಿ, ಕೊಂಕಣಿ ಇರುವ ಮಕ್ಕಳು ಕಾರಣವನ್ನು ತಮ್ಮ ಮಾತಿನಲ್ಲೇ ಗುಂಪಿನಲ್ಲಿ ಚರ್ಚಿಸಲಿ. ಹಾರ್ಡ್ ಡಿಸ್ಕ್, ಕೇಬಲ್, ಸ್ಕ್ರೂ ಎಲ್ಲ ಭಾಷೆಯಲ್ಲೂ ಅವೇ ಆದ್ದರಿಂದ ತೊಡಕಾಗುವುದಿಲ್ಲ.

ಮೌಲ್ಯಮಾಪನದಲ್ಲಿ ಸ್ಕ್ರೂ ಎಷ್ಟು, ಪಿನ್ ಎಷ್ಟು ಎಂದು ಕೇಳುವುದರಿಂದ ಪ್ರಯೋಜನ ಕಡಿಮೆ. ಮಗುವಿನ ಕೈಯನ್ನು ನೋಡಿ: ಕ್ಯಾಬಿನೆಟ್ ಮುಟ್ಟುವ ಮುನ್ನ ವೈರ್ ಕಡೆ ಹೋಯಿತೇ? ಕ್ರಮಸಂಖ್ಯೆ ಓದಿಸಿತೇ? ನಕಲು ಆಗಿದೆಯೇ ಎಂದು ಕೇಳಿತೇ? ಈ ಮೂರು ಹೌದಾದರೆ ಪಾಠ ತಲುಪಿದೆ.

ಇಂಟರ್ನ್‌ಶಿಪ್ ಮುಗಿಸಿ ಹೊರಡುವಾಗ ಪ್ರಶಿಕ್ಷಣಾರ್ಥಿಗಳು ಆ ಶಾಲೆಗೆ ಒಂದು ಹಾಳೆ ಬಿಟ್ಟುಬನ್ನಿ. ಪ್ರತಿ ಯಂತ್ರದ ಡಿಸ್ಕಿನ ಕ್ರಮಸಂಖ್ಯೆ, ಅಳತೆ, ಕೊನೆಯ ನಕಲು ಮಾಡಿದ ದಿನಾಂಕ, ನಕಲು ಯಾರ ವಶದಲ್ಲಿದೆ ಎಂಬ ನಾಲ್ಕು ಕಾಲಂ ಸಾಕು. ಅದನ್ನು ಕಂಪ್ಯೂಟರಿನಲ್ಲಿಡದೆ ಕೊಠಡಿಯ ಬಾಗಿಲ ಹಿಂದೆ ಅಂಟಿಸಿ. ಡಿಸ್ಕ್ ಕೆಟ್ಟ ದಿನ ಆ ಹಾಳೆ ಓದಲು ಸಿಗಬೇಕಲ್ಲ.