ನಿಮಗಿದು ಗೊತ್ತೆ? ಹೆಗಲಿಗೆ ಒದೆಯದ ತೋಟಾ

ಗುಂಡು ಮುಂದಕ್ಕೆ ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಸುಮಾರು 10 ಗ್ರಾಂ ತೂಕದ ಗುಂಡು ಮತ್ತು ಉರಿದ ಮದ್ದಿನ ಅನಿಲ ಸೇರಿ ಮೂರೂವರೆ ಕಿಲೋ ರೈಫಲ್ಲನ್ನು ಸೆಕೆಂಡಿಗೆ 3 ಮೀಟರಿಗೂ ಹೆಚ್ಚು ವೇಗದಲ್ಲಿ ಹೆಗಲಿಗೆ ತಳ್ಳುತ್ತವೆ. 1906ರಲ್ಲಿ ಅಮೆರಿಕದ ಸೇನೆಗೆಂದು ಬಂದು, ಮುಂದೆ ಅಲ್ಲಿನ ಬೇಟೆಗಾರರ ಮೆಚ್ಚಿನದಾದ ‘ತರ್ಟಿ-ಆಟ್-ಸಿಕ್ಸ್’ ತೋಟಾದ ಒದೆತ ಈ ಬಗೆಯದು.

ಹೊಸಬರಿಗೆ, ಭುಜಕ್ಕೆ ಪೆಟ್ಟಾದವರಿಗೆ ಇದು ಕಷ್ಟ. ಒದೆತಕ್ಕೆ ಹೆದರಿದವರು ಟ್ರಿಗರ್ ಒತ್ತುವ ಕ್ಷಣದಲ್ಲೇ ಬೆಚ್ಚುತ್ತಾರೆ. ಗುರಿ ತಪ್ಪಿ ಪ್ರಾಣಿ ಗಾಯಗೊಂಡು ನರಳುತ್ತದೆ, ಅದೇ ದೊಡ್ಡ ಅನ್ಯಾಯ. ಅದಕ್ಕೇ ಅಮೆರಿಕದಲ್ಲಿ ಹಲವರು ಹಗುರ ಗುಂಡು, ಕಡಿಮೆ ಮದ್ದಿನ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾರೆ. ಒದೆತದ ಶಕ್ತಿ ಸಂವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಸಂವೇಗ ಶೇ. 30ರಷ್ಟು ಇಳಿದರೆ ಸಾಕು, ಶಕ್ತಿ ಅರ್ಧಕ್ಕಿಳಿಯುತ್ತದೆ!

ಆದರೆ ಮದ್ದು ಕಡಿಮೆಯಾದರೆ ಅಪಾಯವೂ ಕಡಿಮೆ ಎನ್ನುವಂತಿಲ್ಲ. ತೀರಾ ಕಡಿಮೆಯಾದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ತಿಳಿಯದೆ ಮತ್ತೊಂದು ಹಾರಿಸಿದರೆ ನಳಿಗೆಯೇ ಸಿಡಿಯಬಹುದು. ನಿಧಾನವಾಗಿ ಉರಿಯುವ ಮದ್ದನ್ನು ಅರೆಬರೆ ತುಂಬಿದಾಗ ಒತ್ತಡ ಹಠಾತ್ತನೆ ಏರಿದ್ದೂ ಉಂಟು. ‘ಟ್ರೈಲ್ ಬಾಸ್’ ಎಂಬ ಮದ್ದಿನ ಕಣಗಳು ಬಳೆಯಾಕಾರದಲ್ಲಿರುವುದು ಇದೇ ಕಾರಣಕ್ಕೆ: ತೂಕ ಕಡಿಮೆಯಿದ್ದರೂ ತೋಟಾದ ಒಳಗೆಲ್ಲ ತುಂಬಿಕೊಳ್ಳುತ್ತದೆ. ಎರಡು ಪಾಲು ಬಿದ್ದರೆ ಹೊರಚೆಲ್ಲಿ ಕಣ್ಣಿಗೆ ಕಾಣುತ್ತದೆ. ತಯಾರಕರ ಕೈಪಿಡಿಯ ಅಳತೆ ಮೀರಿ ಯಾರೂ ಅಂದಾಜಿನಲ್ಲಿ ಮದ್ದು ತುಂಬಬಾರದು.

ಭಾರತದಲ್ಲಿ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ.