ಕೌದಿ ಮತ್ತು ಚೂರುಬಟ್ಟೆಯ ವಿಂಗಡಣೆ

ಮಿತವ್ಯಯಕ್ಕೂ ಕಲಾಭಿರುಚಿಗೂ ಏಕಕಾಲದಲ್ಲಿ ಸಾಕ್ಷಿಯಾಗಿ ನಿಲ್ಲುವ ಗೃಹವಸ್ತುಗಳಲ್ಲಿ ಕೌದಿಯು ಪ್ರಮುಖವಾದುದು. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಯಲ್ಲಿ ಹಳೆಯ ಸೀರೆ, ಧೋತರ, ಕುಪ್ಪಸಗಳ ಚೂರುಗಳು ಕೂಡಿ ಹಾಸಿಗೆಯೂ ಹೊದಿಕೆಯೂ ಆಗುತ್ತವೆ. ಕೌದಿಯನ್ನು ಮೆಚ್ಚುವವರು ಸಾಮಾನ್ಯವಾಗಿ ಅದರ ಹೊಲಿಗೆಯನ್ನು ಹೊಗಳುತ್ತಾರೆ. ಆದರೆ ಅದು ಎಷ್ಟು ಕಾಲ ಬಾಳುವುದೆಂಬುದು ಸೂಜಿಗೆ ದಾರ ಪೋಣಿಸುವ ಮೊದಲೇ, ಚೂರುಗಳ ವಿಂಗಡಣೆಯಲ್ಲಿಯೇ ಬಹುಮಟ್ಟಿಗೆ ನಿರ್ಧಾರವಾಗುತ್ತದೆ.

ವಿಂಗಡಣೆಯಲ್ಲಿ ಬಣ್ಣಕ್ಕಿಂತ ಮೊದಲು ನೋಡತಕ್ಕುದು ಬಟ್ಟೆಯ ಕಸುವು. ಚೂರುಗಳನ್ನು ಒಗೆದು, ಒಣಗಿಸಿ, ಬೆಳಕಿಗೆ ಹಿಡಿದರೆ ಸವೆದ ಎಳೆಗಳು ತಾವೇ ಗೋಚರಿಸುತ್ತವೆ. ಗಟ್ಟಿಯಾದವು ಮೇಲ್ಮೈಗೂ ಅಂಚಿಗೂ ಸಲ್ಲತಕ್ಕವು. ಜೀರ್ಣವಾದವು ನಡುವಣ ಪದರಿಗೆ. ತಳಪದರಿಗಾಗಿ ಹರಿಯದ ಸೀರೆಯೊಂದನ್ನು ಇಡಿಯಾಗಿ ತೆಗೆದಿರಿಸಬೇಕು.

ಎರಡನೆಯದು ನೂಲಿನ ಗುಣ. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಕೊಂಡಿಯ ಮೂಲಕ ಕೂಡಿಸಿರುತ್ತಾರೆ. ಆ ಕೂಡಿಕೆಯಲ್ಲಿಯೇ ಕತ್ತರಿಸಿ ಎರಡನ್ನೂ ಬೇರ್ಪಡಿಸುವುದು ಲೇಸು. ಪಾಲಿಯೆಸ್ಟರ್ ಬಟ್ಟೆಯು ಹತ್ತಿಯಂತೆ ಬೆವರನ್ನು ಹೀರದು, ಒಗೆದಾಗ ಹತ್ತಿಯಷ್ಟು ಕುಗ್ಗದು; ಎರಡನ್ನೂ ಬೆರೆಸಿ ಹೊಲಿದರೆ ಕೌದಿ ಸುಕ್ಕುಗಟ್ಟುತ್ತದೆ. ಬಣ್ಣ ಬಿಡುವ ಸಂಶಯವುಳ್ಳ ಚೂರನ್ನು ನೆನೆಸಿ, ಬಿಳಿಯ ಅರಿವೆಯ ಮೇಲೆ ಒತ್ತಿ ಪರೀಕ್ಷಿಸಬೇಕು.

ತರುವಾಯ ಅಳತೆ: ಗೇಣಗಲದವು, ನಾಲ್ಕು ಬೆರಳಗಲದವು, ಉದ್ದನೆಯ ಪಟ್ಟಿಗಳು. ಪ್ರತಿಯೊಂದರಲ್ಲಿಯೂ ಕಡುಬಣ್ಣ, ತಿಳಿಬಣ್ಣ ಎಂದು ಎರಡು ಪಾಲು. ಅವುಗಳನ್ನು ತೇವ ಹಿಡಿದಿಡುವ ಪ್ಲಾಸ್ಟಿಕ್ ಚೀಲದಲ್ಲಿ ತುಂಬದೆ, ಒಣಗಿದ ಬೇವಿನೆಲೆಗಳೊಂದಿಗೆ ಹತ್ತಿಯ ಅರಿವೆಯಲ್ಲಿ ಗಂಟು ಕಟ್ಟಿಡುವುದು ಹಿತಕರ.

ಈ ಪೂರ್ವಸಿದ್ಧತೆಯ ಪ್ರಯೋಜನವು ಹೊಲಿಯುವಾಗ ತಿಳಿಯುತ್ತದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಭಾಗದ ಸಿದ್ದಿ ಮಹಿಳೆಯರು ಅಂಚಿನಿಂದ ಆರಂಭಿಸಿ, ಸುತ್ತು ಬರುತ್ತ ನಡುವಿನತ್ತ ಹೊಲಿಯುತ್ತಾರೆ. ಇಂಥ ಕ್ರಮದಲ್ಲಿ ಮುಂದಿನ ಚೂರು ಕೈಗೆಟುಕುವಂತೆ ಸಿದ್ಧವಾಗಿದ್ದರೆ ಹೊಲಿಗೆಯ ಓಟ ತಡೆಯದು.

ಅಗಲಿದ ಹಿರಿಯರ ಉಡುಗೆಯ ಚೂರುಗಳಿಗೆ ಪ್ರತ್ಯೇಕ ಗಂಟಿರಲಿ. ಅವು ಸವೆದಿದ್ದರೆ ಹಿಂಬದಿಗೆ ಗಟ್ಟಿ ಬಟ್ಟೆಯನ್ನು ಕೊಟ್ಟು, ತಿಕ್ಕಾಟ ಹೆಚ್ಚಾಗಿರುವ ಅಂಚನ್ನು ಬಿಟ್ಟು ನಡುವೆ ಕೂಡಿಸಬೇಕು. ಅಜ್ಜಿಯ ಸೀರೆಯು ಮೊಮ್ಮಗುವನ್ನು ಬೆಚ್ಚಗಿಡುವುದು ಹೀಗೆ. ಸಿದ್ಧಪಡಿಸಿದ ಹೊದಿಕೆಗಳು ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಈ ದಿನಗಳಲ್ಲಿ, ಕೈಯಿಂದ ಕೈಗೆ ಬಂದ ಈ ತಿಳಿವಳಿಕೆಯು ಹಿರಿಯ ತಲೆಮಾರಿನೊಂದಿಗೆ ಅಳಿಯಬಾರದು. ಶಾಲೆಯ ಹೊಲಿಗೆ ತರಗತಿಯಲ್ಲಿ ಸೂಜಿಯನ್ನು ಕೊಡುವ ಮುನ್ನ ಚೂರುಗಳ ಗಂಟನ್ನು ಬಿಚ್ಚಿ ವಿಂಗಡಿಸಲು ಕಲಿಸಿದರೆ ಅದು ಉಳಿದೀತು.